ಇಮಾಮಸಾಬನ ಸೀಗಡಿ ಡಬ್ಬಿ

ಎಲೆ ಅಡಿಕೆಯ ಚಟವಿಲ್ಲದ ಇಮಾಮಸಾಬನ ಜೇಬಿನಲ್ಲಿ ಸದಾ ಒಂದು ಅಡಕತ್ತರಿ ಇರುತ್ತಿತ್ತು. ಕಲ್ಲಿನಂತೆ ಹೆಪ್ಪುಗಟ್ಟಿದ ಸೀಗಡಿಯ ಗಡ್ಡೆಯನ್ನು ಅದರ ಬಾಯಿಗೆ ಕೊಟ್ಟು, ಮದುವೆ ಮನೆಯ ಹಿರಿಯರು ಅಡಿಕೆ ಕತ್ತರಿಸುವ ನಿಧಾನದಲ್ಲಿ ತೆಳ್ಳಗೆ ಕೆತ್ತುತ್ತಿದ್ದ. ಚೂರುಗಳು ಚಹಾ ಸೋಸುವ ಜಾಲರಿಗೆ ಬೀಳುತ್ತಿದ್ದವು. ಅದರ ಮೇಲೆ ನೀರು ಸುರಿದು, ಮಂಜು ಕರಗಿ ಕದಡಿದ ನೀರೆಲ್ಲ ಇಳಿದ ಮೇಲೆ, ಉಳಿದದ್ದನ್ನು ಬೆರಳ ತುದಿಯಿಂದ ಗಾಜಿನ ತೊಟ್ಟಿಗೆ ಉದುರಿಸುತ್ತಿದ್ದ. ಲಾರಿಯ ಸ್ಟೇರಿಂಗ್ ಹಿಡಿದು ದಪ್ಪಗಾದ ಬೆರಳುಗಳು. ತಿನ್ನಲು ಬರುವ ಗಪ್ಪಿ ಮೀನುಗಳೋ ಆ ಬೆರಳಿನ ಉಗುರಿಗಿಂತ ಕೊಂಚ ದೊಡ್ಡವು.

ಅವನು ವಿಜಾಪುರದ ಕಡೆಯವನು. ಬಂದರಿನಿಂದ ಘಟ್ಟದ ಬುಡದ ಮೊಲೆಂ ದಾಟಿ ಹುಬ್ಬಳ್ಳಿಯವರೆಗೆ ಲಾರಿ ಹೊಡೆಯುತ್ತಿದ್ದ. ಬಂದರಿನ ಪಕ್ಕದ ಸಡಾ ಗುಡ್ಡದ ಮೇಲೆ ನಮ್ಮ ಮನೆಯ ಕೆಳಗಿನ ಓಣಿಯಲ್ಲಿ ಒಬ್ಬನೇ ಇದ್ದ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಧಾರವಾಡದಿಂದ ಬಂದು ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಎಂಬತ್ತರ ದಶಕದ ನಡುವೆ ನಾವು ಫ್ರಿಜ್ ಕೊಂಡಾಗ ಆ ಓಣಿಗೆಲ್ಲ ಅದು ಮೊದಲನೆಯದು. ಮೊದಲ ವಾರವೇ ಇಮಾಮಸಾಬ ಬಾಗಿಲಲ್ಲಿ ನಿಂತು, “ರಾಯರ, ನಮ್ಮ ಮಂದಿ ಊಟದ್ದೊಂದು ಡಬ್ಬಿ ಇಡಾಕ ಜಾಗ ಸಿಗತೈತೇನ್ರಿ?” ಎಂದ. ಅವನ ಮಂದಿಯೆಂದರೆ ಮೀನುಗಳು.

ನಮ್ಮದು ತತ್ತಿಯೂ ಒಳಗೆ ಬಾರದ ಮನೆ. ನಾನು ತಡವರಿಸುತ್ತಿರುವಾಗ ಹೆಂಡತಿ ಬಿಗಿ ಮುಚ್ಚಳದ ಡಬ್ಬಿಯೊಂದನ್ನು ಹುಡುಕಿ ಕೊಟ್ಟಳು. ಬರ್ಫದ ಖಾನೆಯ ಹಿಂದುಗಡೆ ಇಡಲಿ, ಯಾರಿಗೂ ಹೇಳುವುದು ಬೇಡ ಎಂದಳು. ನಾನೂ ಹೂಂ ಅಂದೆ.

ಅವನು ಊರಲ್ಲಿಲ್ಲದಾಗ ಮೀನಿಗೆ ಹಾಕುವ ಕೆಲಸ ನನ್ನದಾಯಿತು. ಒಮ್ಮೆ ಸೋಮಾರಿತನದಿಂದ ಗಡ್ಡೆಯನ್ನು ಹಾಗೇ ತೊಟ್ಟಿಗೆ ಹಾಕಿಬಿಟ್ಟೆ. ಅವನು ಮರಳುವಷ್ಟರಲ್ಲಿ ನೀರು ನಾರುತ್ತಿತ್ತು, ಒಂದು ಮೀನು ಹೊಟ್ಟೆಯುಬ್ಬಿಸಿಕೊಂಡು ಓರೆಯಾಗಿ ತೇಲುತ್ತಿತ್ತು. “ನೀವು ಐಸ್ಕ್ಯಾಂಡಿ ನುಂಗಿ ಹೊಟ್ಟಿ ಹಿಡ್ಕೊಂಡು ಕುಂತ್ರ ವೈನಿಯವರು ಓಂಕಾಳು ಕೊಡ್ತಾರ್ರಿ. ಇದಕ್ಕ ಯಾರದಾರ?” ಎಂದು ನೀರು ಬದಲಿಸಿದ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ ಡಬ್ಬಿಯಲ್ಲಿದ್ದುದನ್ನೆಲ್ಲ ಚೆಲ್ಲುತ್ತಿದ್ದ. ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿ ಹಾಕುವುದೆಂದರೆ ಹಳಸಿದ್ದನ್ನು ಬಿಸಿ ಮಾಡಿ ಬೀಗರಿಗೆ ಬಡಿಸಿದಂತೆ ಎನ್ನುತ್ತಿದ್ದ.

ಬೇಸಿಗೆಗೆ ನನ್ನ ಅವ್ವ ಧಾರವಾಡದಿಂದ ಬರುತ್ತಿದ್ದಳು. ಮಡಿ ಮೈಲಿಗೆಯಲ್ಲಿ ಬಲು ಬಿಗಿ, ಆದರೂ ಇಮಾಮಸಾಬನನ್ನು ಕಂಡರೆ “ಬಾರಪಾ, ಕೂಡು” ಎಂದು ಕಟ್ಟೆ ತೋರಿಸುತ್ತಿದ್ದಳು. ಅವನ ಲಾರಿ ಧಾರವಾಡದಲ್ಲಿ ನಿಂತರೆ ನಮಗೆಂದು ಶೇಂಗಾ ಹಿಂಡಿ ಕಟ್ಟಿ ಕೊಡುವಾಗ ಅವನಿಗೂ ಒಂದು ಗಂಟು ಬೇರೆ ಇರುತ್ತಿತ್ತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವನು. ತನ್ನನ್ನು ಬಾರಪಾ ಎಂದು ಕರೆಯುವವರು ಅವ್ವಾರೊಬ್ಬರೇ ಎಂದು ನನ್ನ ಹೆಂಡತಿಯ ಮುಂದೆ ಹೇಳಿದ್ದನಂತೆ.

ಒಂದು ಬೇಸಿಗೆಯಲ್ಲಿ ಅವ್ವನಿಗೆ ಹಲ್ಲುನೋವು. ದವಡೆಗೆ ಹಿಡಿಯಲು ಬರ್ಫ ಬೇಕೆಂದು ತಾನೇ ಫ್ರಿಜ್ ತೆರೆದಳು. ಡಬ್ಬಿ ಅಡ್ಡ ಬಂತು, ತೆಗೆದು ನೋಡಿದಳು. ಮಂಜಿನೊಳಗಿಂದ ಕರಿ ಕಣ್ಣುಗಳು.

“ಇದನ್ನ ಯಾರು ಇಟ್ಟಾರ ಇಲ್ಲೆ?”

ಹೆಂಡತಿ ನನ್ನ ಕಡೆ ನೋಡಿದಳು. ನಾನು, “ಇಮಾಮಸಾಬಂದವ್ವಾ. ನಮ್ಮನ್ನ ಕೇಳದ ಇಟ್ಟಾನ. ನಮಗ ಗೊತ್ತ ಇದ್ದಿಲ್ಲ” ಎಂದೆ.

ಮೀನುಗಳ ಸಂಜೆಯ ಊಟ ಒಯ್ಯಲು ಬಂದ ಇಮಾಮಸಾಬ ಆಗಲೇ ಜಾಲರಿ ಹಿಡಿದು ಹೊಸ್ತಿಲ ಆಚೆ ನಿಂತಿದ್ದ. ನನ್ನ ಮುಖ ನೋಡಲಿಲ್ಲ.

“ಹೌದ್ರಿ ಅವ್ವಾರ. ಕೇಳದ ಇಟ್ಟೆ. ತಪ್ಪಾತ್ರಿ.”

ಅವ್ವ ಡಬ್ಬಿಯನ್ನು ನೆಲದ ಮೇಲಿಟ್ಟು ಕಾಲಿನಿಂದ ಅವನ ಕಡೆ ಸರಿಸಿದಳು. ಅವನು ಬಾಗಿ ಎತ್ತಿಕೊಂಡು ಹೋದ. ಫ್ರಿಜ್ಜನ್ನು ನಾನೂ ಹೆಂಡತಿಯೂ ಹುಣಸೆಹುಳಿ ಹಚ್ಚಿ ತೊಳೆದೆವು.

ಹೆಂಡತಿಯನ್ನು ಬೈಗುಳದಿಂದ ಉಳಿಸಿದೆನೆಂದು ಕೆಲವು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಖರೆಯಲ್ಲ. ಅವ್ವ ನನ್ನ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟಾಳೆಂದು ಹೆದರಿದ್ದೆ, ಅಷ್ಟೆ. ಇಮಾಮಸಾಬ ಮತ್ತೆ ನಮ್ಮ ಕಟ್ಟೆ ಹತ್ತಲಿಲ್ಲ. ದಾರಿಯಲ್ಲಿ ಸಿಕ್ಕರೆ ನಮಸ್ಕಾರಕ್ಕೆ ಕೊರತೆಯಿರಲಿಲ್ಲ. ತೊಟ್ಟಿಯನ್ನು ಮೀನುಗಳ ಸಮೇತ ಕ್ಷೌರದ ಅಂಗಡಿಗೆ ಕೊಟ್ಟನೆಂದು ಕೇಳಿದೆ. ಮುಂದೆ ಖೋಲಿಯನ್ನೂ ಬಿಟ್ಟು ಸಾಂಖಳಿಯ ಕಡೆ ಹೋದ.

ಕೊನೆಗೆ ಕಂಡದ್ದು ಮೊಲೆಂನಲ್ಲಿ, ತೊಂಬತ್ತರ ದಶಕದಲ್ಲಿ. ಧಾರವಾಡದಿಂದ ಮರಳುತ್ತಿದ್ದ ನನ್ನ ಬಸ್ಸು ನಿಂತಿತ್ತು. ಅವನು ಲಾರಿಗೆ ಒರಗಿ ಚಹಾ ಕುಡಿಯುತ್ತಿದ್ದ, ಗಡ್ಡ ಬೆಳ್ಳಗಾಗಿತ್ತು. ಕ್ಷಮೆ ಕೇಳಬೇಕೆಂದೇ ಇಳಿದು ಹೋದೆ. “ಇಮಾಮಸಾಬ, ಅವತ್ತು ನಾನು...” ಎನ್ನುವಷ್ಟರಲ್ಲಿ ಅವನು ಗಾಜಿನ ಲೋಟ ಬಾನೆಟ್ಟಿನ ಮೇಲಿಟ್ಟ.

“ಅದು ಇರ್ಲಿ ಬಿಡ್ರಿ ರಾಯರ. ಅವ್ವಾರಿಗೆ ಇನ್ನೂ ನನ್ ಮ್ಯಾಲೆ ಸಿಟ್ಟೈತೇನ್ರಿ?”

“ಇಲ್ಲೋ ಮಾರಾಯಾ. ಎಂದೋ ಮರ್ತಾಳ” ಎಂದೆ.

“ಚಲೋ ಆತ್ರಿ” ಎಂದು ಅವನು ನಕ್ಕ. ಕಂಡಕ್ಟರ್ ಸೀಟಿ ಊದಿದ, ನಾನು ಬಸ್ಸು ಹತ್ತಿದೆ.

ಅವ್ವ ಮರೆತಿರಲಿಲ್ಲ. ಅಂದು ಬೆಳಿಗ್ಗೆಯೇ ನನ್ನನ್ನು ಕಳಿಸುವಾಗ, ಆ ಸಾಬ ಈಗಲೂ ಮನೆಗೆ ಬರುತ್ತಾನೇನೆಂದು ಕೇಳಿದ್ದಳು. ಇಲ್ಲವೆಂದಿದ್ದೆ. ಮತ್ತೆ ಕೆಲವು ವರ್ಷ ಬದುಕಿದ್ದಳು. ನಾನು ಹೋದಾಗಲೆಲ್ಲ ಅದನ್ನೇ ಕೇಳುತ್ತಿದ್ದಳು, ಇಲ್ಲ ಎಂದಷ್ಟೇ ಹೇಳುತ್ತಿದ್ದೆ.