ಅಂಚಿಗೆ ಅಂಚು

ಮಂದಿ ಊರಿಗೆ ಹೊರಟ ಮೇಲೆ ಮನೆ ಗುಡಿಸಬಾರದು. ಬೀದರ್ ಕಡೆಯ ಈ ಕಟ್ಟಳೆಯನ್ನು ನಾಸಿಕ್‌ನ ಪಂಚವಟಿಗೆ ಬಂದ ಮೇಲೂ ನಾನು ಬಿಟ್ಟಿಲ್ಲ. ಅದಕ್ಕೇ ಮೊಮ್ಮಗಳ ಪರೀಕ್ಷೆಗೆ ಇಬ್ಬರೂ ಹೊರಡಬೇಕಿದ್ದ ದಿನ ಅವಳು ಸ್ನಾನಕ್ಕೆ ಹೋದಾಗ ಗಡಿಬಿಡಿಯಲ್ಲಿ ಕಸಬರಿಗೆ ಹಿಡಿದೆ. ನೆಲದ ತುಂಬ ಅವಳ ಕಾಗದದ ಚೂರುಗಳು. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು, ನೀಲಿಗೆ ನೀಲಿ ಸೇರಿಸಿ, ದಾರ ಕಟ್ಟಿ ಅವಳ ಚೀಲದಲ್ಲಿಟ್ಟೆ. ಕೌದಿ ಹೊಲಿಯುವ ಬಟ್ಟೆಯ ತುಂಡುಗಳನ್ನು ನಾನು ಇಡುವುದೇ ಹಾಗೆ.

ರೈಲು ನಾಸಿಕ್ ಬಿಟ್ಟ ಮೇಲೆ ಅವಳು ಚೀಲ ತೆರೆದಳು. ಬಣ್ಣದ ಕಟ್ಟುಗಳನ್ನು ಹೊರಗೆ ತೆಗೆದಳು.

"ಅಜ್ಜಿ, ಇವನ್ನ ಯಾರ್ ಕಟ್ಯಾರ?"

"ನಾನಾ. ಬಿದ್ದಿದ್ದುವು, ಎತ್ತಿಟ್ಟೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳ ಓದು ಜಪಾನಿ ಭಾಷೆಯದು. ಆ ವಾಕ್ಯಗಳನ್ನು ಬಿಡಿಸಲು ಕಂಪ್ಯೂಟರಿಗೆ ಕಲಿಸಿದ್ದಾಳೆ. ಮಾತು ಯಾವುದರ ಬಗ್ಗೆ ಎಂಬುದಕ್ಕೆ ಹಸಿರು, ಮಾಡಿದವರಿಗೆ ಕೆಂಪು, ಮಾಡಿದ ಕೆಲಸಕ್ಕೆ ನೀಲಿ. ವಾಕ್ಯದೊಳಗೆ ಯಾವ ತುಂಡು ಏನು ದುಡಿಯುತ್ತದೆ ಅನ್ನುವುದನ್ನೇ ಆ ಓದಿನವರು ನೋಡುವುದಂತೆ. ನೆಲದ ಮೇಲೆ ಒಂದೊಂದು ಸಾಲೂ ಒಂದೊಂದು ವಾಕ್ಯವಾಗಿತ್ತು, ನಾನು ಬಣ್ಣ ನೋಡಿ ಎಲ್ಲ ಕಲೆಸಿಬಿಟ್ಟಿದ್ದೆ. ನಾವು ಹೊರಟಿದ್ದ ಸಂಭಾಜಿನಗರದಲ್ಲಿ ಪರೀಕ್ಷಕರು ಅವಳು ಕೈಯಿಂದ ಕತ್ತರಿಸಿ ಬಿಡಿಸಿದ್ದನ್ನೂ ಯಂತ್ರ ಬಿಡಿಸಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡುವವರಿದ್ದರು. ಚೂರುಗಳು ಕೂಡದಿದ್ದರೆ ಪದವಿ ಇಲ್ಲ.

"ಕಂಪ್ಯೂಟರ್‌ದಾಗ ಅದಾವಲ್ಲ, ನೋಡಿ ಜೋಡ್ಸು," ಎಂದೆ.

"ಅದನ್ನ ನೋಡಿ ಜೋಡಿಸಿದ್ರ ಚೀಟಿಂಗ್ ಆಗ್ತದ ಅಜ್ಜಿ. ಎಲ್ಲಾ ವಾಕ್ಯ ಅಡಿಗೀವೇ. ಯಾರ್ ಬೇಕಾದ್ರೂ ಅನ್ನಾ ಕುದಸ್ತಾರ, ಯಾರ್ ಬೇಕಾದ್ರೂ ಮೀನಾ ಕೊಯ್ತಾರ. ನಂಗ ಹ್ಯಾಂಗ ಗೊತ್ತಾಗಬೇಕು?"

ಒಂದು ಚೂರು ಕೈಗೆತ್ತಿಕೊಂಡೆ. ಆ ಅಕ್ಷರ ನನಗೆ ಇರುವೆ ಸಾಲು. ಅಂಚು ಮಾತ್ರ ತಿಳಿಯಿತು. ನನ್ನ ಕೌದಿಯ ಕತ್ತರಿಯಿಂದಲೇ ಕತ್ತರಿಸಿದ್ದಳು. ಅದರ ಬಾಯಿ ಮುಕ್ಕಾಗಿದೆ, ಎರಡು ಸಲ ಒಂದೇ ರೀತಿ ಕಡಿಯುವುದಿಲ್ಲ.

"ಒಂದು ವಾಕ್ಯ ಒಂದೇ ಪಟ್ಟಿ ಇತ್ತೇನು?"

"ಹೂಂ. ಬಣ್ಣ ಹಚ್ಚಿ ಆಮ್ಯಾಲ ಕತ್ತರಿಸೀನಿ."

"ಕಿಟಕಿ ಹಾಕು. ಫ್ಯಾನ್ ಬಂದ್ ಮಾಡು."

ಎದುರು ಕೂತವನು ಇಸ್ಪೀಟು ಆಡುತ್ತೀರೇನು ಎಂದು ಮರಾಠಿಯಲ್ಲಿ ಕೇಳಿದ. ಕಾಲು ತೆಗೆ ಎಂದೆ.

ಸೀಟಿನ ಮೇಲೆ ಅಂಚಿಗೆ ಅಂಚು ಕೂಡಿಸುತ್ತ ಹೋದೆ. ಅವಳು ಓದಿ ಟೇಪು ಹಚ್ಚಿದಳು. ಕೆಲವು ಕಡೆ ಅವಳಿಗೆ ಸರಿ ಅನ್ನಿಸಿದ್ದು ಅಂಚಿಗೆ ಕೂಡಲಿಲ್ಲ. ಅಂಚೇ ಸರಿ ಎಂದೆ. ಬೆವರು ಕಾಗದಕ್ಕೆ ಬೀಳದಂತೆ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದೆ. ಸ್ಟೇಷನ್ ಬಂದಾಗ ಎರಡು ವಾಕ್ಯ ಉಳಿದವು. ಅವುಗಳ ಅಂಚು ಕಸಬರಿಗೆಗೆ ಸಿಕ್ಕು ಹರಿದಿತ್ತು.

"ಅಂದಾಜಿಗೆ ಹಚ್ಚಲೇನು?"

"ಹಚ್ಚಬ್ಯಾಡ. ಅಜ್ಜಿ ಹರದಾಳ ಅಂತ ಹೇಳು."

ಪರೀಕ್ಷೆಯ ಕೋಣೆ ಹೊರಗೆ ಬೆಂಚಿನ ಮೇಲೆ ಕೂತೆ. ಒಳಗಿನ ದನಿ ಕೇಳುತ್ತಿತ್ತು, ಮಾತು ತಿಳಿಯಲಿಲ್ಲ. ಮಧ್ಯಾಹ್ನ ಬಾಗಿಲು ತೆರೆಯಿತು.

"ಪಾಸ್," ಎಂದಳು. "ಹರದಿದ್ದು ಬಿಟ್ಟು ಉಳದದ್ದು ನೋಡಿದ್ರು. ಕಂಪ್ಯೂಟರ್‌ದೇ ಮೂರು ತಪ್ಪು ಸಿಕ್ಕವು. ತಿದ್ದಿ ಒಂದು ತಿಂಗಳದಾಗ ಕೊಡಬೇಕು."

"ಹಂಗಾದ್ರ ಮತ್ತ ನೆಲದ ಮ್ಯಾಲ ಹರವ್ತೀ?"

"ಹರವ್ತೀನಿ."

ಆ ತಿಂಗಳು ಅವಳ ಕೋಣೆಗೆ ಕಸಬರಿಗೆ ಒಯ್ಯಲಿಲ್ಲ. ಧೂಳು ಬಿತ್ತು. ಬೀಳಲಿ.