ಪುಸ್ತಕದ ಕಾವಲುಗಾರ, ಟೆಂಟಿನ ಕಾವಲುಗಾರ

ಒಂದೇ ಕಥೆಯ ಕಾವಲುಗಾರ ಪುಸ್ತಕದಲ್ಲಿ ಹೇಡಿಯಾಗಿ, ಸಿನಿಮಾದಲ್ಲಿ ಶೂರನಾಗಿ ಬಂದರೆ ಅವರಲ್ಲಿ ನಿಜವಾದವನು ಯಾರು? ಈ ಪ್ರಶ್ನೆಗೆ ಉತ್ತರ ಈ ಬರಹದಲ್ಲಿಲ್ಲ. ಕೋದಂಡಪ್ಪನಿಗೆ ಮಾತ್ರ ಸಂಶಯವೇ ಇರಲಿಲ್ಲ.

ಬೂದಿಕೋಟೆ ಕಡೆಯಿಂದ ಬಂದ ಅವನು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯೊಂದರ ಗೇಟಿನಲ್ಲಿ ತಪಾಸಣೆಯವನು. ಪಾಳಿ ಮುಗಿಸಿ ಮೇಲೆ ಬಂದವರು ಬಟ್ಟೆ ಬಿಚ್ಚಿ, ಬಾಯಿ ತೆರೆದು, ನಾಲಿಗೆ ಎತ್ತಿ ನಿಲ್ಲಬೇಕು; ಚಿನ್ನದ ಚೂರು ಅಡಗಿದೆಯೇ ಎಂದು ಅವನು ತಡಕಬೇಕು. ಬೆವರು, ಎಲೆಯಡಿಕೆಯ ಎಂಜಲು, ಹುಳುಕು ಹಲ್ಲಿನ ನಾತ. ತನ್ನ ಬೆರಳುಗಳ ಮೇಲೇ ಅವನಿಗೆ ಹೇಸಿಗೆ.

೧೯೫೮ರಲ್ಲಿ ಆಂಡರ್ಸನ್‌ಪೇಟೆಯ ಕ್ಷೌರದಂಗಡಿಯ ಮುನಿಸ್ವಾಮಪ್ಪ ಭಾನುವಾರಗಳಂದು ಗಿರಾಕಿಗಳಿಗೆ ಒಂದು ಕಾದಂಬರಿಯನ್ನು ಓದಿ ಹೇಳುತ್ತಿದ್ದ. ಅದರ ಕಥೆ ನಡೆಯುವುದು ಮುಂದೆಂದೋ ಬರಲಿರುವ ಕಾಲದಲ್ಲಿ. ಜನರೆಲ್ಲ ನೆಲದಡಿಯ ಊರಿನಲ್ಲಿ. ಮೇಲಿನಿಂದ ಒಂದು ಬೀಜವೂ ಒಳಗೆ ಬರದಂತೆ ಬಾಯಿ ತಡಕುವ ಕಾವಲುಗಾರನೇ ಕಥಾನಾಯಕ. ಕೋದಂಡಪ್ಪ ಒಂದು ವಾರವೂ ತಪ್ಪಿಸಲಿಲ್ಲ.

ಆ ದಿನಗಳಲ್ಲೇ ಹೆಂಡತಿ ನರಸಮ್ಮನ ತಮ್ಮ, ಗಣಿ ಕೂಲಿ ಜಯರಾಮಪ್ಪ, ಅವನ ಸಾಲಿಗೆ ಬಂದ. ಏನೂ ಸಿಗಲಿಲ್ಲ. ಆದರೆ ಎಲ್ಲರೆದುರು ಭಾವನೇ ಬಾಯಿಗೆ ಬೆರಳಿಟ್ಟನೆಂದು ಜಯರಾಮಪ್ಪ ಅಂದಿನಿಂದ ಅಕ್ಕನ ಮನೆಯಲ್ಲಿ ನೀರೂ ಮುಟ್ಟಲಿಲ್ಲ. ನರಸಮ್ಮ ಹಬ್ಬಕ್ಕೆ ತಮ್ಮನ ಎಲೆ ಹಾಕುವಳು, ಹಾಗೇ ಎತ್ತುವಳು. ತನ್ನ ಒಳಗಿನದನ್ನು ಬಾಮೈದನಿಗೆ ಹೇಳಲು ಕೋದಂಡಪ್ಪನಿಗೆ ಮಾತು ಹುಟ್ಟಲಿಲ್ಲ.

೧೯೬೩ರಲ್ಲಿ ಅದೇ ಕಾದಂಬರಿ ತಮಿಳು ಸಿನಿಮಾ ಆಗಿ ಊರಿನ ಟೆಂಟ್ ಟಾಕೀಸಿಗೆ ಬಂತು. ತಾನು ಹೇಳಲಾಗದ್ದನ್ನು ಪರದೆ ಹೇಳೀತೆಂದು ಅವನು ಜಯರಾಮಪ್ಪನ ಬಾಗಿಲಿಗೆ ಹೋದ.

"ಬಾರ್ಲಾ, ಒಂದ್ಸಲ ನೋಡು. ಆಮ್ಯಾಕೆ ಬೈಯೋದಿದ್ರೆ ಬೈಯಿ."

ಪರದೆಯ ಕಾವಲುಗಾರನ ಕೆನ್ನೆಗೆ ಬಣ್ಣ, ಅಂಗಿಗೆ ಇಸ್ತ್ರಿ. ಸ್ವಂತ ತಮ್ಮನ ಬಾಯಲ್ಲಿ ಬೀಜ ಕಂಡದ್ದೇ ಹಾಡುತ್ತ ಗೇಟು ಮುರಿದ. ಟೆಂಟೆಲ್ಲ ಸಿಳ್ಳೆ.

ಹೊರಗೆ ಜಯರಾಮಪ್ಪ ತಿರುಗಿ ನಿಂತ. "ನೋಡ್ದಾ ಬಾವ? ಅವ್ನು ಗಂಡ್ಸು. ನೀನೂ ಇದೀಯಾ, ನಾಲ್ಗೆ ಎತ್ತು ಅಂತ!"

"ಸುಳ್ಳು ಕಣ್ಲಾ ಇದು! ಪುಸ್ತಕದಾಗೆ ತಮ್ಮನ್ನ ಇಡ್ಕೊಡ್ತಾನೆ. ಆಮೇಲೆ ಮೋರಿ ತಾವ ಕುಂತು ವಾಂತಿ ಮಾಡ್ಕಂತಾನೆ. ಬೆಳಗಾದ್ರೆ ಮತ್ತೆ ಡ್ಯೂಟೀಗೋಯ್ತಾನೆ."

"ಅಂಗಾದ್ರೆ ಆ ಪುಸ್ತಕದೋನೂ ನಿನ್ನಂಗೇ ನಾಯಿ."

ಕೋದಂಡಪ್ಪ ಪೋಸ್ಟರಿಗೆ ಕ್ಯಾಕರಿಸಿ ಉಗಿದ. ಆಮೇಲೆ ಸಿನಿಮಾ ಎಂಬ ಮಾತು ಕೇಳಿದರೇ ಅವನು ಮುಖ ಕಿವುಚುತ್ತಿದ್ದ. "ಬಾಯಿ ಅಂದ್ಮ್ಯಾಗೆ ಎಂಜ್ಲು ಇರಬ್ಯಾಡ್ವಾ? ಆ ನನ್ಮಗನ ಬೆರಳು ಒಂದ್ಸಲನಾದ್ರೂ ಒದ್ದೆ ಆಯ್ತಾ?"

೧೯೬೮ರಲ್ಲಿ ಅವನು ತೀರಿಕೊಂಡಾಗಲೂ ಬಾಮೈದ ಮನೆಯೊಳಗೆ ಕಾಲಿಟ್ಟಿರಲಿಲ್ಲ. ತಿಥಿಯ ಬೆಳಿಗ್ಗೆ ಅಂಗಳದಲ್ಲಿ ಮುನಿಸ್ವಾಮಪ್ಪನ ಕತ್ತಿಗೆ ಗಡ್ಡ ಕೊಟ್ಟು ಕೂತಿದ್ದ ಜಯರಾಮಪ್ಪ ತಟ್ಟನೆ ಕೇಳಿದ: "ಆ ಪುಸ್ತಕದೋನು ದಿಟವಾಗ್ಲೂ ವಾಂತಿ ಮಾಡ್ಕಂತಾನಾ?"

"ಯಾರಿಗ್ಗೊತ್ತು? ಕೊನೇ ಆಳೆಗಳನ್ನ ಸೋಪಿನ ನೊರೆ ಒರ್ಸಾಕೆ ಅರ್ದುಬಿಟ್ಟಿದ್ದೆ, ಓದೋಕ್ಮುಂಚೇನೇ. ಜನ ಕಾಯ್ಕಂಡು ಕುಂತಿದ್ರು, ಏನಾರಾ ಏಳ್ಬೇಕಲ್ಲ. ನಿನ್ ಬಾಯಿ ನೋಡಿದ್ ದಿನ ನಿಮ್ ಬಾವ ನಮ್ಮಂಗ್ಡಿ ಇಂದ್ಲ ಮೋರೀಲಿ ಕರುಳು ಕಿತ್ತು ಬರೋ ಅಂಗೆ ಕಕ್ಕಂತಿದ್ದ. ಅದ್ನೇ ಏಳ್ದೆ."