ತುಟಿ ನೋಡಿ ಕೇಳುವ ಅಣ್ಣ

ನಮ್ಮ ಮನೆಗೆ ಬೋರ್‌ವೆಲ್ ಕೊರೆದವನು ನನ್ನ ಸ್ವಂತ ಅಣ್ಣ. ಅವತ್ತು ಅಷ್ಟನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದವರಿಗೆ ಬೇರೆಯೇ ಹೇಳಿದೆ.

ಅಣ್ಣನ ಹೆಸರು ಮಾದೇವ. ನಮ್ಮ ತವರು ಕುದೇರು. ಮೀಸೆ ಮೂಡುವ ಮೊದಲೇ ಬೋರ್ ಗಾಡಿ ಹತ್ತಿದವನು. ಕಂಪ್ರೆಸರ್ ಸದ್ದಿಗೆ ಅವನ ಕಿವಿ ಮುಕ್ಕಾಲು ಹೋಗಿದೆ. ತನಗೆ ಕೇಳದ ಮೇಲೆ ಯಾರಿಗೂ ಕೇಳುವುದಿಲ್ಲ ಎಂದುಕೊಂಡವನಂತೆ ಕೂಗಿ ಮಾತಾಡುತ್ತಾನೆ. ಬಸ್ಸಿನಲ್ಲಿ ಅವನು ನನಗೊಂದು ಗುಟ್ಟು ಹೇಳಿದರೆ ಕಂಡಕ್ಟರು ಉತ್ತರ ಕೊಡುತ್ತಿದ್ದರು. ಸ್ನಾನ ಮಾಡಿ ಬಂದರೂ ಅವನ ರೆಪ್ಪೆಯಲ್ಲಿ ಕಲ್ಲಿನ ಪುಡಿ ಉಳಿದೇ ಇರುತ್ತದೆ.

ಆ ಸದ್ದಿನಲ್ಲಿ ಗಾಡಿಯವರು ಒಬ್ಬರ ತುಟಿ ಒಬ್ಬರು ನೋಡಿ ಮಾತಾಡಿಕೊಳ್ಳುತ್ತಾರೆ. ಅಣ್ಣನ ಜೊತೆಯವರು ತಮಿಳರು. ಅವನು ತಮಿಳು ಕಲಿತದ್ದೇ ಕಣ್ಣಿನಲ್ಲಿ. "ಮಕ ಈ ಕಡ ತಿರುಗ್ಸಮ್ಮಿ, ಆಗ ಕೇಳ್ತದ" ಎಂದು ನನಗೂ ಅಭ್ಯಾಸ ಮಾಡಿಸಿದ್ದ. ನಮ್ಮ ಕಡೆ ತಂಗಿಯನ್ನು ಕರೆಯುವುದು ಅಮ್ಮಿ ಎಂದೇ. ನನ್ನ ಮದುವೆಯ ದಿನ ಬೆಳಗ್ಗಿನಿಂದ ಏನೂ ತಿನ್ನದೆ ಹಸೆಮಣೆಯ ಮೇಲೆ ಕೂತಿದ್ದೆ. ಛತ್ರದ ಬಾಗಿಲಲ್ಲಿ ನಿಂತಿದ್ದ ಅವನ ಕಡೆ ನೋಡಿ, ಸದ್ದಿಲ್ಲದೆ 'ಹಸಿವು' ಅಂದೆ. ಸ್ವಲ್ಪ ಹೊತ್ತಿಗೆ ಬಂದ. ಹಾರ ಸರಿಮಾಡುವವನಂತೆ ಬಗ್ಗಿ ಮಡಿಲಿಗೆ ಬಾಳೆಹಣ್ಣು ಜಾರಿಸಿ, ಗುಟ್ಟಾಗಿ, "ತಿನ್ಕೊ ಕಣಮ್ಮಿ, ಯಾರೂ ನೋಡ್ತಿಲ್ಲ" ಅಂದ. ಇಡೀ ಛತ್ರ ತಿರುಗಿ ನೋಡಿತು.

ನನ್ನ ಯಜಮಾನರಿಗೆ ಸರ್ಕಾರಿ ಕೆಲಸ. ಗುಂಡ್ಲುಪೇಟೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದೆವು. ನಾನು ಓದಿದ್ದು ಏಳನೇ ಕ್ಲಾಸು. ಎದುರು ಮನೆಯ ಟೀಚರಮ್ಮನ ಮುಂದೆ, ಕುದೇರಿನ ಮಾತು ಬಾಯಿಗೆ ಬರದಂತೆ ತೂಗಿ ತೂಗಿ ಮಾತಾಡುತ್ತಿದ್ದೆ. ನಲ್ಲಿ ನೀರು ಸಾಲದೆ ಬೋರ್ ಹಾಕಿಸಬೇಕಾದಾಗ ಅಣ್ಣನೇ ಗಾಡಿ ತಂದ.

ನೀರು ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು ಗುರುತು ಮಾಡಿದ್ದ ಜಾಗಕ್ಕೆ ಪೂಜೆ ಮಾಡಿದೆ. ಅಣ್ಣ ಕಾಯಿ ಒಡೆದ. ಕೆಂಪು ಮಣ್ಣು ಮುಗಿಯುವವರೆಗೆ ಕೊರೆದು, ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸಿದರು. ಅಲ್ಲಿಂದ ಕೆಳಗೆ ಬರೀ ಬಂಡೆ. ಒಂದಕ್ಕೊಂದು ರಾಡು ಜೋಡಿಸಿ ಇಳಿಸಿದಂತೆ ಬೂದುಪುಡಿ ಹೊಗೆಯ ಹಾಗೆ ಎದ್ದು ಬೀದಿಯನ್ನೆಲ್ಲ ಮುಚ್ಚಿತು. ಅಣ್ಣ ಆಗಾಗ ಪುಡಿಯನ್ನು ಮುಷ್ಟಿಯಲ್ಲಿ ಅದುಮಿ ನೋಡುತ್ತಿದ್ದ. ಉಂಡೆ ಕಟ್ಟಿದರೆ ತೇವ ಬಂತೆಂದು ಅರ್ಥ. ಕಟ್ಟಲಿಲ್ಲ. "ಎದೆ ಒಡ್ಕಬ್ಯಾಡ ಕಣಮ್ಮಿ, ನೀರ್ ಬಂದೇ ಬತ್ತದ" ಎಂದು ದೂರದಿಂದಲೇ ಕೂಗಿದ.

ಆಗ ಟೀಚರಮ್ಮ ಮೂಗಿಗೆ ಸೆರಗು ಹಿಡಿದುಕೊಂಡು ಬಂದರು. "ಏನ್ರೀ ಇದು ಧೂಳು. ಅಲ್ಲಿ ಕೂಗಾಡ್ತಿದ್ದಾರಲ್ಲ, ಅವರು ಯಾರು? ನಿಮ್ಮ ಕಡೆಯವರಾ?"

ಅಣ್ಣನ ಹರಿದ ಬನಿಯನ್ನನ್ನು, ಪುಡಿ ಮೆತ್ತಿದ ಕಾಲುಗಳನ್ನು ನೋಡಿದೆ. "ಇಲ್ಲ ಮೇಡಂ, ಗಾಡಿ ಜೊತೆ ಬಂದಿರೋರು" ಅಂದೆ. ಕಂಪ್ರೆಸರ್ ಸದ್ದಿಗೆ ಅವರಿಗೆ ಕೇಳಿಸಲಿಲ್ಲ. ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ ಮತ್ತೆ ಹೇಳಿದೆ. ತಿರುಗಿದರೆ ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ.

ಸ್ವಲ್ಪ ಹೊತ್ತಿಗೆ ಪುಡಿ ಕೆಸರಾಯಿತು, ಕೆಸರು ನೀರಾಗಿ ರಾಡಿನ ಸುತ್ತ ಚಿಮ್ಮಿತು. ಕಂಪ್ರೆಸರ್ ನಿಲ್ಲಿಸಿ ಅಣ್ಣ ನಮ್ಮಿಬ್ಬರ ಹತ್ತಿರ ಬಂದ. ಕೈ ಕಟ್ಟಿ ನಿಂತು, ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳಿದ: "ನೀರ್ ಬಂತು ಅಮ್ಮಾವ್ರೆ. ಗಂಗಮ್ಮನ್ಗೆ ಅರಿಸಿನ ಕುಂಕುಮ ಬುಡಿ."

ನನ್ನನ್ನು ಎತ್ತಿ ಆಡಿಸಿದವನು ನನಗೆ ಅಮ್ಮಾವ್ರೆ ಅಂದ. ನನ್ನ ಸುಳ್ಳನ್ನು ನನಗಿಂತ ಚೆನ್ನಾಗಿ ಕಾಪಾಡಿದ.

ಅವನಿಗೆಂದೇ ಮುದ್ದೆ, ಅವರೆಕಾಳು ಸಾರು ಮಾಡಿಟ್ಟಿದ್ದೆ. ಅವನು ಲಾರಿಯ ನೆರಳಿನಲ್ಲಿ ಜೊತೆಯವರೊಂದಿಗೆ ಹೋಟೆಲಿನ ಚಿತ್ರಾನ್ನ ಬಿಚ್ಚಿದ. ಬಾಗಿಲಲ್ಲಿ ನಿಂತು, ಒಳಗೆ ಬಾ ಎಂದು ತುಟಿಯಲ್ಲೇ ಕರೆದೆ. ಮುಖ ತಿರುಗಿಸಿಕೊಂಡ. ಅವನ ಮಟ್ಟಿಗೆ ಅದು ಕಿವಿ ಮುಚ್ಚಿಕೊಂಡ ಹಾಗೆ.

ಆಮೇಲೆ ಹಬ್ಬಕ್ಕೆ ಕರೆದರೂ ಬರಲಿಲ್ಲ. ಫೋನು ಮಾಡಿದರೆ ಅತ್ತಿಗೆ ಎತ್ತಿ, "ಚಂದಕವಾಡಿ ಕಡ ಗಾಡಿ ಜತೆ ಓಗವ್ರೆ ಕಣವ್ವ" ಅನ್ನುತ್ತಿದ್ದಳು. ಅವನು ಮನೆಯಲ್ಲೇ ಕೂಗಿ ಮಾತಾಡುತ್ತಿರುವುದು ನನಗೆ ಕೇಳುತ್ತಿತ್ತು.

ಈ ಬೇಸಿಗೆಯಲ್ಲಿ ಟೀಚರಮ್ಮನಿಗೂ ಬೋರ್ ಬೇಕಾಯಿತು. "ನಿಮಗೆ ಹಾಕಿದ ಗಾಡಿಯವರಿಗೇ ಹೇಳಿ. ಆಳು ಒರಟಾಗಿ ಕಂಡರೂ ಮರ್ಯಾದಸ್ಥರು" ಅಂದರು. ಅತ್ತಿಗೆಯ ಮೂಲಕ ಅಣ್ಣನಿಗೆ ಹೇಳಿ ಕಳಿಸಿದೆ.

ಅಣ್ಣ ಬಂದ. ನಮ್ಮ ಮನೆಗೆ ಬೆನ್ನು ಹಾಕಿಯೇ ಕೆಲಸ ಮಾಡಿದ. ಮಧ್ಯಾಹ್ನ ನೀರು ಬಿದ್ದು ಕಂಪ್ರೆಸರ್ ನಿಂತಿತು. ಬೀದಿಯವರೆಲ್ಲ ನೋಡಲು ಸೇರಿದ್ದರು. ಹೋಗಿ ಅವನೆದುರು ನಿಂತೆ. ತುಟಿ ಅಲ್ಲಾಡಿಸಿದ್ದರೆ ಸಾಕಿತ್ತು, ಅವನಿಗೆ ತಿಳಿಯುತ್ತಿತ್ತು, ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡಬೇಕೆಂದೇ ಮನೆಯಿಂದ ಹೊರಟಿದ್ದೆ.

"ಏನ್ ಬೇಕಿತ್ತು ಅಮ್ಮಾವ್ರೆ?" ಅಂದ.

ನಾನು ಟೀಚರಮ್ಮನ ಕಡೆ ತಿರುಗಿದೆ. "ಮೇಡಂ, ಇವನು ನಮ್ಮಣ್ಣ" ಅಂದೆ. ಮತ್ತೆ ಅವನ ಕಡೆ ತಿರುಗಿ, ಅವನು ಮಾತಾಡುವಷ್ಟೇ ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ ಹೇಳಿದೆ:

"ಅವತ್ತು ನಿನ್ನ ಯಾರೋ ಅಂದ್ಬುಟ್ಟೆ. ತಪ್ಪಾಯ್ತು ಕಣಣ್ಣ. ನನ್ನ ಅಮ್ಮಿ ಅನ್ನು."